ಮನ್‌ಸಿಕ್ ಮುಂದೆ, ನಾವು ಹಿಂದೆ

ನಾಯಕತ್ವ ಹುಟ್ಟಿನಿಂದ ಬರುವುದೋ ಕಲಿತರೆ ಬರುವುದೋ ಎಂಬ ವಿಚಾರದಲ್ಲಿ ನಮ್ಮ ಶೆಡ್ಡಿನ ಹೆಂಗಸರಿಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಬೆಳಗ್ಗೆ ಬಂದು, ರಬ್ಬರ್ ಏಪ್ರನ್ ಕಟ್ಟಿಕೊಂಡು, ಬೆರಳುದ್ದದ ಒಣಮೀನಿನ ರಾಶಿಯ ಮುಂದೆ ಕೂತು, ನೆಟ್ಟಗಿರುವ ಮೀನನ್ನು ಒಂದು ಕಡೆ, ತಲೆ ಮುರಿದದ್ದನ್ನು ಇನ್ನೊಂದು ಕಡೆ ಹಾಕುವವರಿಗೆ ಅಂಥ ಅಭಿಪ್ರಾಯ ಸಾಕಿಕೊಳ್ಳಲು ಪುರುಸೊತ್ತು ಎಲ್ಲಿಂದ ಬರಬೇಕು? ಆದರೂ ಆ ವಿಚಾರ ನಮ್ಮನ್ನೇ ಹುಡುಕಿಕೊಂಡು ಬಂತು. ಬಂದದ್ದು ಬೇಗ ಹೋಗಲೂ ಇಲ್ಲ.

ಬುಸಾನ್ ನಗರ ಬಿಟ್ಟು ಕರಾವಳಿಗುಂಟ ಎರಡು ತಾಸು ಬಸ್ಸಿನಲ್ಲಿ ಬಂದರೆ ಸಿಗುವ ಸಣ್ಣ ಬಂದರು ನಮ್ಮದು. ಅಲ್ಲಿ ತಕ್ ಒಣಮೀನು ಕಂಪನಿ. ಯಜಮಾನರು ತಕ್ ಬ್ಯೋಂಗ್‌ಹೋ. ನಾಯಕತ್ವ ರಕ್ತದಲ್ಲೇ ಇರಬೇಕು ಎನ್ನುವುದು ಅವರ ಸಿದ್ಧಾಂತ. ಅವರ ತಂದೆ ಹುಟ್ಟಿದ ಗಳಿಗೆಯಲ್ಲೇ ಸೂಲಗಿತ್ತಿಯನ್ನು ಗದರಿಸಿದ್ದರಂತೆ. ಯಜಮಾನರ ಮಗನಿಗೂ ಅದೇ ರಕ್ತ. ಸದ್ಯಕ್ಕೆ ಅವನು ಮಧ್ಯಾಹ್ನದವರೆಗೆ ಮಲಗಿರುತ್ತಾನೆ. ಎದ್ದರೆ ಏನಾಗುವುದೋ ಎಂದು ಎಲ್ಲರೂ ಕಾಯುತ್ತಿದ್ದೇವೆ.

ಹೀಗಿರುವಾಗ ಪಕ್ಕದ ಕಡಲಪಾಚಿ ಕಂಪನಿಯವರು ರಾಜಧಾನಿ ಸೋಲ್‌ನಿಂದ ಒಬ್ಬ ತರಬೇತಿ ಮೇಷ್ಟ್ರನ್ನು ಕರೆಸಿ, ತಮ್ಮ ಗುಮಾಸ್ತರಿಗೆಲ್ಲ ನಾಯಕತ್ವ ಕಲಿಸಿಬಿಟ್ಟರು. ನಮ್ಮ ಯಜಮಾನರಿಗೆ ಅದು ಕಲಿತರೆ ಬರುವ ವಸ್ತು ಎಂಬ ನಂಬಿಕೆ ಎಳ್ಳಷ್ಟೂ ಇರಲಿಲ್ಲ. ಆದರೆ ಪಾಚಿಯವರು ಕರೆಸಿದ ಮೇಲೆ ಮೀನಿನವರು ಕರೆಸದಿದ್ದರೆ ಊರಲ್ಲಿ ಮುಖ ತೋರಿಸುವುದು ಹೇಗೆ? ಆ ಮೇಷ್ಟ್ರನ್ನೇ ಕರೆಸಿದರು. ಹೆಸರು ಯೊಮ್ ಜೇಹ್ವಾನ್. ಕೊರಳಿಗೆ ಒಂದು ಸೀಟಿ, ಕೈಯಲ್ಲೊಂದು ಧ್ವನಿವರ್ಧಕ. ಎದುರಿಗೆ ಮೂರು ಜನ ಇದ್ದರೂ ಅದರಲ್ಲೇ ಮಾತು.

ಮೊದಲನೇ ದಿನವೇ ಇಬ್ಬರಿಗೂ ಬಿತ್ತು ಜಟಾಪಟಿ.

"ಮೇಷ್ಟ್ರೇ, ಮೀನಿಗೆ ಈಜೋದು ಯಾರು ಕಲಿಸ್ತಾರೆ?" ಎಂದರು ಯಜಮಾನರು.

"ಮೀನಿಗೆ ಯಾರೂ ಕಲಿಸಲ್ಲ ಯಜಮಾನ್ರೇ. ಅದಕ್ಕೇ ಎಲ್ಲಾ ಬಂದು ನಿಮ್ಮ ಬಲೆಗೆ ಬೀಳ್ತವೆ," ಎಂದರು ಮೇಷ್ಟ್ರು, ಧ್ವನಿವರ್ಧಕದಲ್ಲಿ. "ಎರಡು ದಿನ ಕೊಡಿ. ನಾಯಕತ್ವದ ಗಾಳಿಯೂ ಸೋಕದ ಮನುಷ್ಯನನ್ನ ತೋರಿಸಿ. ಅವನನ್ನ ನಾಯಕ ಮಾಡಿ ನಿಮ್ಮ ಮುಂದೆ ನಿಲ್ಲಿಸ್ತೀನಿ."

ಹಾಗೆಂದ ಕೂಡಲೇ ಇಡೀ ಆಫೀಸು ಕುಕ್ ಮನ್‌ಸಿಕ್ ಕಡೆ ತಿರುಗಿತು. ಅಂಥವನು ಯಾರಿರಬಹುದು ಎಂದು ಮನ್‌ಸಿಕ್ ಕೂಡ ತನ್ನ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

ಮನ್‌ಸಿಕ್‌ಗೆ ಆಗ ಐವತ್ತರ ಹತ್ತಿರ. ಸರಕು ಕಳಿಸುವ ವಿಭಾಗದಲ್ಲಿ ಉಪಮುಖ್ಯಸ್ಥ. ಮುಖ್ಯಸ್ಥ ಯಾರೂ ಇರಲಿಲ್ಲ, ಆದರೂ ಅವನು ಉಪ. ಬಾಗಿಲಲ್ಲಿ ಇನ್ನೊಬ್ಬರು ಎದುರಾದರೆ ಅವರು ಹೋಗಲಿ ಎಂದು ಇವನು ನಿಲ್ಲುತ್ತಿದ್ದ. ಅವರ ಹಿಂದಿನವರೂ ಹೋಗಲಿ ಎಂದು ಮತ್ತೆ ನಿಲ್ಲುತ್ತಿದ್ದ. ಒಮ್ಮೆ ಹೀಗೆ ನಿಂತು ನಿಂತು ಮಧ್ಯಾಹ್ನದ ಊಟದ ಹೊತ್ತೇ ಮುಗಿದು ಹೋಗಿತ್ತು. ಮನುಷ್ಯ ಕೆಟ್ಟವನಲ್ಲ. ಸುಸ್ತಾದವನು. ಹುಟ್ಟುವಾಗಲೇ ಸುಸ್ತಾಗಿದ್ದನೋ ನಮ್ಮ ಕಂಪನಿಗೆ ಬಂದ ಮೇಲೆ ಕಲಿತನೋ, ಅದು ಬೇರೆ ಚರ್ಚೆ.

"ಇವನೇ?" ಎಂದರು ಮೇಷ್ಟ್ರು. ಅವರ ಧ್ವನಿ ಸ್ವಲ್ಪ ಇಳಿದಿತ್ತು.

"ಇವನೇ," ಎಂದರು ಯಜಮಾನರು ಖುಷಿಯಿಂದ.

ತರಬೇತಿ ಬೆಟ್ಟದ ಮೇಲೆ. ಶೆಡ್ಡಿನ ನಾವು ಹನ್ನೊಂದು ಹೆಂಗಸರೂ ಬರಬೇಕೆಂದು ಅಪ್ಪಣೆಯಾಯಿತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಬೊಂಗ್‌ನ್ಯೊ ಅಕ್ಕ. ಅವಳು ಕೇಳಿಯೇಬಿಟ್ಟಳು: "ನಮಗ್ಯಾಕ್ರೀ ಇದೆಲ್ಲ? ನಾವು ನಾಯಕರಾಗಿ ಯಾರನ್ನ ಆಳಬೇಕು, ಮೀನನ್ನಾ?"

"ನೀವು ಹಿಂಬಾಲಿಸೋರು ಅಮ್ಮಾ!" ಎಂದು ಧ್ವನಿವರ್ಧಕ ಗುಡುಗಿತು. "ಹಿಂದೆ ಯಾರೂ ಇಲ್ಲದೆ ನಾಯಕ ಹೇಗಾಗ್ತಾನೆ?"

ಹಾಗೆ ನಾವು ಹಿಂಬಾಲಿಸುವವರಾಗಿ ಬೆಟ್ಟ ಹತ್ತಿದೆವು.

ಹಿಂದಿನ ರಾತ್ರಿ ಬೆಟ್ಟದ ಬುಡದ ವಸತಿಗೃಹದಲ್ಲಿ ಯಜಮಾನರು ಎಲ್ಲರಿಗೂ ಚಿಪ್ಪಿನಿಂದ ತೆಗೆದ ಹಸಿ ಸಿಂಪಿ ತಿನ್ನಿಸಿ, ಅಕ್ಕಿ ಹೆಂಡ ಕುಡಿಸಿದ್ದರು. ನಾಯಕನಾಗುವವನು ಹೆಚ್ಚು ತಿನ್ನಬೇಕೆಂದು ಮನ್‌ಸಿಕ್‌ಗೆ ಪಕ್ಕದ ತಟ್ಟೆಯನ್ನೂ ದೂಡಿದರು. ಬೇಡ ಎನ್ನುವ ಅಭ್ಯಾಸ ಅವನಿಗೆ ಇರಲಿಲ್ಲ. ತಿಂದ.

ಬೆಳಗ್ಗೆ ಮಂಜು ಕವಿದಿತ್ತು. ಮೇಷ್ಟ್ರು ಸೀಟಿ ಊದಿ ನಿಯಮ ಹೇಳಿದರು. ಮನ್‌ಸಿಕ್ ಮುಂದೆ ಹೋಗಬೇಕು. ಉಳಿದವರು ಹಿಂದೆ. ಎಲ್ಲಿಗೆ ಎಂದು ಕೇಳಬಾರದು, ಯಾಕೆ ಎಂದು ಕೇಳಬಾರದು. ಶಿಖರ ಮುಟ್ಟಿ, ಇದೇ ವಸತಿಗೃಹಕ್ಕೆ ವಾಪಸು. "ಗದ್ದ ಮೇಲೆ! ಕಣ್ಣು ಮುಂದೆ! ನಾಯಕ ಹಿಂದೆ ತಿರುಗಿ ನೋಡಲ್ಲ!"

ಅರ್ಧ ಬೆಟ್ಟದವರೆಗೆ ಮನ್‌ಸಿಕ್ ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ, "ಎಲ್ರೂ ಬರ್ತಿದೀರಾ? ಬೇಕಾದ್ರೆ ನೀವು ಮುಂದೆ ಹೋಗಿ," ಎನ್ನುತ್ತಾ ನಡೆದ. ಯಜಮಾನರು ನನ್ನ ಪಕ್ಕದಲ್ಲೇ ಊರುಗೋಲು ಊರುತ್ತಾ, "ನೋಡು ಪಿಲ್‌ಸುನ್, ರಕ್ತದಲ್ಲಿ ಇಲ್ದಿದ್ರೆ ಹೀಗೆ," ಎಂದು ನಗುತ್ತಿದ್ದರು. ಆಮೇಲೆ ಒಂದು ತಿರುವಿನಲ್ಲಿ ಮನ್‌ಸಿಕ್ ಇದ್ದಕ್ಕಿದ್ದಂತೆ ನಿಂತ. ಮುಖ ಬಿಳುಚಿಕೊಂಡಿತ್ತು. ಮೇಷ್ಟ್ರ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಮೇಷ್ಟ್ರೇ, ನಾನು ಸ್ವಲ್ಪ ಪಕ್ಕಕ್ಕೆ ಹೋಗ್ಬೇಕಿತ್ತು."

"ಪಕ್ಕಕ್ಕೆ!" ಮೇಷ್ಟ್ರ ಧ್ವನಿವರ್ಧಕ ಕಣಿವೆಯಲ್ಲೆಲ್ಲ ಮೊಳಗಿತು. "ಕೇಳಿದ್ರಾ? ಎಲ್ಲರೂ ತುಳಿದ ದಾರಿ ಇವರಿಗೆ ಬೇಡವಂತೆ! ಹೋಗಿ. ನಾವು ನಿಮ್ಮ ಜತೆ ಇದೀವಿ."

"ಜತೆ ಬೇಡ ಮೇಷ್ಟ್ರೇ."

"ಎಂಥ ವಿನಯ!"

"ವಿನಯ ಅಲ್ಲ, ನಿಜವಾಗ್ಲೂ ಬೇಡ."

"ಜವಾಬ್ದಾರಿಯೆಲ್ಲ ಒಬ್ರೇ ಹೊತ್ಕೋತೀನಿ ಅಂತಿದಾರೆ. ಬಿಡ್ತೀವಾ ನಾವು?"

ಗುಮಾಸ್ತರೆಲ್ಲ "ಬಿಡಲ್ಲ!" ಎಂದು ಕೂಗಿದರು. ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಅವರ ಎದುರಿಗೆ, ಅಷ್ಟು ಹೆಂಗಸರ ಎದುರಿಗೆ, ಮನ್‌ಸಿಕ್ ಇನ್ನೇನು ಬಿಡಿಸಿ ಹೇಳಿಯಾನು? ಒಮ್ಮೆ ಎಲ್ಲರ ಮುಖ ನೋಡಿದ. ತಟಕ್ಕನೆ ಪೈನ್ ಮರಗಳ ನಡುವೆ ನುಗ್ಗಿದ.

ನಾವೂ ನುಗ್ಗಿದೆವು. ಶೆಡ್ಡಿನ ಹೆಂಗಸರಂತೂ ಗುಮಾಸ್ತರಿಗಿಂತ ಮುಂಚೆ ಹೊರಟೆವು.

ಅವನೊಂದು ದಪ್ಪ ಮರದ ಹಿಂದೆ ಹೋಗಿ ನಿಂತ. ಇಪ್ಪತ್ತು ಚಿಲ್ಲರೆ ಜನ ಸುತ್ತಲೂ ಗೌರವದ ದೂರದಲ್ಲಿ ನಿಂತೆವು. ಮನ್‌ಸಿಕ್ ಮರದ ಆಚೆಯಿಂದ ಇಣುಕಿದ. "ಯೋಚನೆ ಮಾಡ್ತಿದಾರೆ, ಯಾರೂ ಮಾತಾಡ್ಬೇಡಿ," ಎಂದು ಮೇಷ್ಟ್ರು ಧ್ವನಿವರ್ಧಕದಲ್ಲಿ ಪಿಸುಗುಟ್ಟಿದರು. ಮನ್‌ಸಿಕ್ ಅಲ್ಲಿಂದ ಬಂಡೆಯ ಹಿಂದೆ ಹೋದ. ಬಂಡೆಯ ಹಿಂದಕ್ಕೂ ಹೋದೆವು. ಬಿದಿರ ಮೆಳೆಗೆ ಹೋದ, ಮೆಳೆಗೂ ಹೋದೆವು. ಕೊನೆಗೆ ಅವನು ನೇರವಾಗಿ ಇಳಿಜಾರಿನಲ್ಲಿ ಇಳಿಯತೊಡಗಿದ. ಹಿಂದೆ ತಿರುಗಿ ನಮ್ಮನ್ನು ನೋಡುವುದು, ವೇಗ ಹೆಚ್ಚಿಸುವುದು. ಅವನು ವೇಗ ಹೆಚ್ಚಿಸಿದಷ್ಟೂ ನಾವೂ ಹೆಚ್ಚಿಸಿದೆವು.

"ಆ ನಡಿಗೆ ನೋಡಿ," ಎಂದರು ಯಜಮಾನರು ಏದುಸಿರು ಬಿಡುತ್ತಾ. ಅವರ ನಗು ನಿಂತಿತ್ತು. "ಅದು ಕಲಿಸಿದ್ರೆ ಬರೋದಾ? ಇಷ್ಟು ವರ್ಷ ಒಳಗೇ ಇತ್ತು."

"ನಿನ್ನೆ ಸಂಜೆ ಕಲಿಸಿದ್ದೇ ಅದನ್ನ," ಎಂದರು ಮೇಷ್ಟ್ರು.

ಆ ಇಳಿಜಾರು ನಮ್ಮ ವಸತಿಗೃಹದ ಕಡೆಯದಲ್ಲ, ಬೆಟ್ಟದ ಆಚೆ ಬದಿಯದು. ಕೆಳಗೆ ಸುತ್‌ಗೋಲ್ ಎಂಬ ಹಳ್ಳಿ. ಅಲ್ಲಿ ಏನು ನಡೆಯುತ್ತಿತ್ತು ಎಂಬುದು ನಮಗೆ ಆಮೇಲೆ ತಿಳಿದದ್ದು. ಹಳ್ಳಿಯ ಮುದುಕ ಮುದುಕಿಯರೆಲ್ಲ ಹಗಲು ಕಳೆಯುವ ಸಮುದಾಯ ಭವನದಲ್ಲಿ ಕಳೆದ ಚಳಿಗಾಲ ಪೈಪು ಒಡೆದು ಶೌಚಾಲಯ ಕೆಟ್ಟಿತ್ತು. ಜಿಲ್ಲಾ ಕಚೇರಿಯವರು ಬಂದು ಅದಕ್ಕೊಂದು ಬೀಗ ಹಾಕಿ ಹೋದವರು ತಿರುಗಿ ನೋಡಿರಲಿಲ್ಲ. ಪ್ರತಿ ಸಲಕ್ಕೂ ಏರು ಹತ್ತಿ ಮನೆಗೆ ಹೋಗಿ ಬರಬೇಕಾಗಿ, ಒಬ್ಬ ಅಜ್ಜಿ ಮೊನ್ನೆಯಷ್ಟೇ ಒದ್ದೆ ನೆಲದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಆ ದಿನ ಅಧಿಕಾರಿಗಳು ಬಂದು ಅಹವಾಲು ಕೇಳುತ್ತಾರೆಂದು ಊರಿಗೆ ಊರೇ ಭವನದ ಮುಂದೆ ಚಾಪೆ ಹಾಕಿಕೊಂಡು ಕೂತಿತ್ತು.

ಅಷ್ಟರಲ್ಲಿ ಮಂಜಿನೊಳಗಿಂದ ಪ್ಯಾಂಟು ಹಿಡಿದುಕೊಂಡು ಒಬ್ಬ ಮನುಷ್ಯ ಓಡಿ ಬಂದ. ಅವನ ಹಿಂದೆ ಇಪ್ಪತ್ತು ಚಿಲ್ಲರೆ ಜನ ಸಾಲಾಗಿ. ಹಳ್ಳಿಯ ಮುಖಂಡ ಮಾ ಪನ್‌ಸೊಕ್ ಎದ್ದು ನಿಂತು ಸ್ವಾಗತದ ಮಾತಿಗೆ ಬಾಯಿ ತೆರೆದ. ಮನ್‌ಸಿಕ್ ಅವನ ಎರಡೂ ಭುಜ ಹಿಡಿದು ಕೇಳಿದ:

"ಶೌಚಾಲಯ ಎಲ್ಲಿ?"

ಮುಖಂಡನ ಕಣ್ಣಲ್ಲಿ ನೀರು ಬಂತು.

"ಸಾಹೇಬ್ರೇ, ಇಷ್ಟು ದಿನ ಬಂದೋರು ಯಾರೂ ಮೊದಲು ಇದನ್ನ ಕೇಳಿರ್ಲಿಲ್ಲ. ಊಟ ಆಯ್ತಾ ಅಂತಾರೆ, ಈ ಸಲ ಗೆಣಸು ಹೇಗಿದೆ ಅಂತಾರೆ, ಹಳ್ಳಿ ಗಾಳಿ ಚೆನ್ನಾಗಿದೆ ಅಂತಾರೆ—"

"ಎಲ್ಲಿ ಅಂತ ತೋರಿಸ್ರೀ!"

"ಬನ್ನಿ, ಬನ್ನಿ. ನಿಮ್ಮಂಥೋರು ಇನ್ನೂ ಇದಾರಲ್ಲ!"

ಬಾಗಿಲ ಮುಂದೆ ನಿಲ್ಲಿಸಿದರು. ಬೀಗ ನೋಡಿದ ಮನ್‌ಸಿಕ್‌ನ ಬಾಯಿಂದ ಬಂದ ಕೂಗನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಎರಡೂ ಮುಷ್ಟಿಯಿಂದ ಬಾಗಿಲು ಗುದ್ದಿದ.

"ಬೀಗ ಹಾಕಿದಾರೆ! ಇದಕ್ಕೆ ಯಾರಾದ್ರೂ ಬೀಗ ಹಾಕ್ತಾರೇನ್ರೀ? ಮನುಷ್ಯರು ಬದುಕೋದು ಹೇಗೆ? ತೆಗೀರಿ ಇದನ್ನ! ಈಗ್ಲೇ! ನಾಳೆ ನಾಡಿದ್ದು ಆಗಲ್ಲ!"

ಚಪ್ಪಾಳೆ ಶುರುವಾಯಿತು. ಮುದುಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿದ್ದ ಅಜ್ಜಿ ಮಾತ್ರ ಮುಂದೆ ಬಂದು ಅವನ ಮುಖವನ್ನೇ ದಿಟ್ಟಿಸಿ, "ಅಯ್ಯೋ, ಈ ಹುಡುಗನಿಗೆ ಅವಸರ ಆಗಿದೆ ಕಣ್ರೋ," ಎಂದು ಕೈ ಹಿಡಿದು ತನ್ನ ಮನೆಗೆ ಎಳೆದುಕೊಂಡು ಹೋದಳು.

"ನೋಡಿದ್ರಾ? ಗಾಯ ಆದವರ ಮನೆಗೇ ಮೊದಲು," ಎಂದ ಮುಖಂಡ, ಕಣ್ಣೊರೆಸಿಕೊಳ್ಳುತ್ತಾ.

ಆ ಹೊತ್ತಿಗೆ ಒಂದು ಸಣ್ಣ ಕಾರಿನಲ್ಲಿ ನಿಜವಾದ ಅಧಿಕಾರಿ ಬಂದಿಳಿದ. ಎಳೆ ವಯಸ್ಸಿನವನು. ಚಾಪೆಯ ಮೇಲೆ ಕೂಗಾಡುತ್ತಿರುವ ಊರನ್ನು ನೋಡಿದ, ದೊಡ್ಡ ಹೊಟ್ಟೆಯ ಯಜಮಾನರನ್ನು ನೋಡಿದ, ಧ್ವನಿವರ್ಧಕದ ಮೇಷ್ಟ್ರನ್ನು ನೋಡಿದ. ಅಜ್ಜಿಯ ಮನೆಯಿಂದ ಮನ್‌ಸಿಕ್ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದ. ಅವನ ಮುಖದಲ್ಲಿ ಎಂಥ ಶಾಂತಿ ಇತ್ತೆಂದರೆ, ದೇವಾಲಯದಲ್ಲಿ ಕೂರಿಸಬಹುದಾಗಿತ್ತು. ಜನ ತಾವಾಗಿಯೇ ದಾರಿ ಬಿಟ್ಟರು. ಅಧಿಕಾರಿ ಸೊಂಟ ಬಗ್ಗಿಸಿದ.

"ತಾವು ಎಲ್ಲಿಂದ ಬಂದಿರೋದು ಸಾರ್?"

"ಮೇಲಿಂದ," ಎಂದ ಮನ್‌ಸಿಕ್, ಬೆಟ್ಟದ ಕಡೆ ಕೈ ತೋರಿಸಿ.

ಮಂಜಿನಲ್ಲಿ ಬೆಟ್ಟ ಕಾಣುತ್ತಿರಲಿಲ್ಲ. ಅಧಿಕಾರಿಗೆ ಕಂಡದ್ದು ಮೇಲೆ ಎತ್ತಿದ ಬೆರಳು ಮಾತ್ರ. ಅವನು ಬೆವೆತು ಹೋದ. ಆ ಬೆರಳು ಪ್ರಾಂತದ ಕಚೇರಿಯನ್ನು ತೋರಿಸಿತೋ ರಾಜಧಾನಿಯನ್ನೇ ತೋರಿಸಿತೋ ಎಂದು ಕೇಳುವ ಧೈರ್ಯ ಅವನಿಗೆ ಇರಲಿಲ್ಲ.

"ನಾಳೆ ಬೆಳಗ್ಗೇನೇ ಪೈಪಿನವರನ್ನ ಕಳಿಸ್ತೀನಿ ಸಾರ್."

"ಕಳಿಸಿ, ಪಾಪ," ಎಂದ ಮನ್‌ಸಿಕ್. "ತುಂಬಾ ಕಷ್ಟ ಆಗುತ್ತೆ."

ಆಗ ಮತ್ತೆ ಚಪ್ಪಾಳೆ. ನಾವು ಹೆಂಗಸರು ಒಬ್ಬೊಬ್ಬರಾಗಿ ಅಜ್ಜಿಯ ಮನೆಗೆ ಹೋಗಿ ಬಂದದ್ದನ್ನು ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ.

ಮರುದಿನ ನಿಜಕ್ಕೂ ಶೌಚಾಲಯ ರಿಪೇರಿಯಾಯಿತು. ಸುತ್‌ಗೋಲ್‌ನವರು ವಿಚಾರಿಸಿಕೊಂಡು ನಮ್ಮ ಕಂಪನಿಗೆ ಒಂದು ಲಾರಿ ಸಿಹಿಗೆಣಸು ಕಳಿಸಿದರು. ಜತೆಗೆ "ಜನರ ನೋವು ಬಲ್ಲ ನಾಯಕ ಕುಕ್ ಮನ್‌ಸಿಕ್ ಅವರಿಗೆ ವಂದನೆ" ಎಂದು ಬರೆದ ಬಟ್ಟೆ. ಯಜಮಾನರು ಅದನ್ನು ಗೇಟಿನ ಮೇಲೆಯೇ ಕಟ್ಟಿಸಿದರು. ಪಾಚಿ ಕಂಪನಿಯವರಿಗೆ ಕಾಣಬೇಕಲ್ಲ.

ಜಟಾಪಟಿ ಮಾತ್ರ ಮುಗಿಯಲಿಲ್ಲ. ರಕ್ತದಲ್ಲಿ ಇದ್ದದ್ದು ಹೊರಬಂತು ಎಂದರು ಯಜಮಾನರು. ತಾನು ಎರಡು ದಿನದಲ್ಲಿ ತುಂಬಿದ್ದು ಎಂದರು ಮೇಷ್ಟ್ರು. ಒಳಗಿದ್ದದ್ದು ಹೊರಬಂತು ಎನ್ನುವಲ್ಲಿ ಯಜಮಾನರ ಮಾತು ಸತ್ಯಕ್ಕೆ ಹತ್ತಿರ ಎಂದು ಬೊಂಗ್‌ನ್ಯೊ ಅಕ್ಕ ತೀರ್ಪು ಕೊಟ್ಟಳು.

ಮನ್‌ಸಿಕ್ ಮನೆಯ ಕಷ್ಟ ಬೇರೆ. ಅವನ ಹೆಂಡತಿ ಚೂನ್‌ಜಾ ನನ್ನ ತಂಗಿಯ ಸಹಪಾಠಿ, ಅವಳೇ ಹೇಳಿದ್ದು. ಅವರ ಅಪಾರ್ಟ್‌ಮೆಂಟಿನ ಜನ ದಿನಕ್ಕೊಬ್ಬರಂತೆ ಬಾಗಿಲು ತಟ್ಟತೊಡಗಿದರು. ಒಬ್ಬರಿಗೆ ಮೇಲಿನ ಮಹಡಿಯ ಮಕ್ಕಳ ಕುಣಿತ, ಇನ್ನೊಬ್ಬರಿಗೆ ಕಾರು ನಿಲ್ಲಿಸುವ ಜಾಗ. "ನಿಮ್ಮ ಮನೆಯವ್ರು ಒಂದ್ಸಲ ಬಾಗಿಲು ಗುದ್ದಿದ್ರೆ ಸಾಕು," ಎನ್ನುವರು. ಇಷ್ಟು ವರ್ಷ ಅಳಿಯನನ್ನು ಬೇಯಿಸಿದ ಮೂಲಂಗಿ ಎಂದು ಕರೆಯುತ್ತಿದ್ದ ಮಾವ, ಹಬ್ಬದ ಊಟದಲ್ಲಿ ಅವನಿಗೇ ಮೊದಲು ಬಡಿಸಿದ. ಊರಿಂದ ದೊಡ್ಡಪ್ಪ ಬಂದು, ಇದೆಲ್ಲ ಮುತ್ತಜ್ಜನ ಸಮಾಧಿಗೆ ತಾನು ಆರಿಸಿದ ಜಾಗದ ಮಹಿಮೆ ಎಂದ.

"ದೊಡ್ಡಪ್ಪ, ಹಾಗೇನಿಲ್ಲ. ಅವತ್ತು ನನಗೆ ಹೊಟ್ಟೆ ಕೆಟ್ಟಿತ್ತು," ಎಂದ ಮನ್‌ಸಿಕ್.

"ಹೊಟ್ಟೆ ಉರೀತು ಅನ್ನು."

"ಇಲ್ಲ, ಕರುಳು ಹಿಂಡಿದ ಹಾಗಾಗ್ತಿತ್ತು."

"ನೋಡಿ, ನೋಡಿ! ಊರೋರ ಕಷ್ಟ ನೋಡಿ ಕರುಳು ಹಿಂಡಿತಂತೆ!" ದೊಡ್ಡಪ್ಪ ನೆಂಟರ ಕಡೆ ತಿರುಗಿದ. "ಇದನ್ನ ಯಾರಾದ್ರೂ ಕಲಿಸೋಕಾಗುತ್ತಾ?"

ಆಮೇಲೆ ಮನ್‌ಸಿಕ್ ನಿಜ ಹೇಳುವ ಪ್ರಯತ್ನ ಕೈಬಿಟ್ಟ. ಹೇಳಿದಷ್ಟೂ ದೊಡ್ಡವನಾಗುತ್ತಿದ್ದ. ಹಾಗಂತ ಸುಮ್ಮನಿದ್ದರೂ ಬಿಡುಗಡೆ ಇರಲಿಲ್ಲ. ಸುಮ್ಮನಿದ್ದರೆ ಗಂಭೀರ ಎನ್ನುತ್ತಿದ್ದರು.

ಯಜಮಾನರು ಅವನಿಗೆ "ತಂಡದ ನಾಯಕ" ಎಂಬ ಬಿಲ್ಲೆ ಮಾಡಿಸಿ ಅಂಗಿಗೆ ಚುಚ್ಚಿದರು. ಕೆಲವು ದಿನ ಅವನು ಅದನ್ನು ಧರಿಸಿ ಓಡಾಡಿದ. ಯಾರಿಗೂ ಏನೂ ಹೇಳಲಿಲ್ಲ, ಯಾರೂ ಏನೂ ಕೇಳಲಿಲ್ಲ, ಕೆಲಸ ಎಂದಿನಂತೆ ನಡೆಯಿತು. ನಾಯಕತ್ವ ಎಂದರೆ ಇಷ್ಟೇ ಆಗಿದ್ದರೆ ಎಲ್ಲರೂ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಒಂದು ದಿನ ಅಂಗಳಕ್ಕೆ ಲಾರಿಯಲ್ಲಿ ದೊಡ್ಡ ಮರದ ಪೆಟ್ಟಿಗೆ ಬಂದಿಳಿಯಿತು. ಒಳಗೆ ಯಂತ್ರ. ಮೀನನ್ನು ಒಂದು ಕಡೆ ಸುರಿದರೆ ನೆಟ್ಟಗಿರುವುದು ಇತ್ತ, ಮುರಿದದ್ದು ಅತ್ತ. ಅಂದರೆ ನಾವು.

ಯಜಮಾನರು ಮನ್‌ಸಿಕ್‌ನನ್ನು ಒಳಗೆ ಕರೆದರು. "ಶೆಡ್ ಮುಚ್ಚಬೇಕು. ಆ ಹೆಂಗಸರಿಗೆ ಹೇಳಬೇಕು. ಇಂಥದ್ದಕ್ಕೇ ನಾಯಕ ಬೇಕಾಗೋದು. ನಿನ್ನ ಮಾತು ಅವರು ಕೇಳ್ತಾರೆ. ಬೆಟ್ಟದಲ್ಲಿ ಎಲ್ಲರಿಗಿಂತ ಮುಂಚೆ ನಿನ್ನ ಹಿಂದೆ ಬಂದೋರು ಅವರೇ ತಾನೆ?"

ಮನ್‌ಸಿಕ್ ಶೆಡ್ಡಿಗೆ ಬಂದ. ಸಿಹಿ ಹೂರಣ ತುಂಬಿದ ಬಿಸಿ ಬನ್ನು ತಂದಿದ್ದ. ಹಂಚಿದ. ನಿಂತ. ಹೋದ. ಮಾರನೇ ದಿನ ಕಿತ್ತಳೆ ತಂದ. ಹಂಚಿದ. ನಿಂತ. "ಚಳಿ ಜಾಸ್ತಿ ಆಯ್ತಲ್ವಾ," ಎಂದ. ಹೋದ. ಅದರ ಮಾರನೇ ದಿನ ಏನೂ ತರದೆ ಬಂದು, ಖಾಲಿ ಸ್ಟೂಲಿನ ಮೇಲೆ ಕೂತು, ನಮ್ಮ ಜತೆ ಮೀನು ಆರಿಸತೊಡಗಿದ. ನೆಟ್ಟಗಿರುವುದನ್ನೂ ಮುರಿದದ್ದನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದ. ಬೊಂಗ್‌ನ್ಯೊ ಅಕ್ಕ ಮಧ್ಯಾಹ್ನದವರೆಗೆ ಸಹಿಸಿದಳು.

"ಮನ್‌ಸಿಕ್ ಅವ್ರೇ, ಬಾಯಲ್ಲಿ ಏನಿಟ್ಕೊಂಡಿದೀರಾ? ಉಗುಳಿ."

"ಏನಿಲ್ಲ ಅಕ್ಕ."

"ಅಂಗಳದಲ್ಲಿರೋ ಪೆಟ್ಟಿಗೆ ವಿಷಯಾನಾ?"

ಮನ್‌ಸಿಕ್ ಕೈಯಲ್ಲಿದ್ದ ಮೀನನ್ನೇ ನೋಡಿದ. "ಶೆಡ್ ಮುಚ್ಚಬೇಕಂತೆ. ಈ ಚಳಿಗಾಲ ಮುಗಿಯೋಷ್ಟರಲ್ಲಿ. ನಿಮಗೆ ಹೇಳು ಅಂತ ನನ್ನ ಕಳಿಸಿದಾರೆ. ನಾನು ಹೇಳಲ್ಲ ಅಕ್ಕ. ನನ್ನ ಕೈಲಾಗಲ್ಲ."

ನನ್ನ ಗಂಡ ದೋಣಿ ಮಾರಿ ಮನೆಯಲ್ಲಿ ಕೂತು ಎಷ್ಟೋ ಕಾಲವಾಗಿತ್ತು. ಬೊಂಗ್‌ನ್ಯೊ ಅಕ್ಕನ ಮನೆಯಲ್ಲಿ ಅವಳೂ ಅವಳ ಮೊಮ್ಮಗಳೂ ಇಬ್ಬರೇ. ನಮ್ಮಲ್ಲಿ ಯಾರಿಗೂ ಈ ಸ್ಟೂಲು ಬಿಟ್ಟರೆ ಇನ್ನೊಂದು ಸ್ಟೂಲು ಈ ಬಂದರಲ್ಲಿ ಕಾಯುತ್ತಿರಲಿಲ್ಲ. ಹನ್ನೊಂದು ಜೊತೆ ಕಣ್ಣು ಅವನ ಬಿಲ್ಲೆಯ ಮೇಲೆ ನೆಟ್ಟವು.

"ಈಗ ನಾವೇನು ಮಾಡ್ಬೇಕು?" ಎಂದೆ ನಾನು.

"ನನ್ನ ಕೇಳಬೇಡಿ ಪಿಲ್‌ಸುನ್ ಅವ್ರೇ. ನನಗೇನೂ ಗೊತ್ತಿಲ್ಲ." ಅವನು ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿಕೊಂಡ. "ನಾನು ನಾಯಕನೂ ಅಲ್ಲ, ಏನೂ ಅಲ್ಲ. ಅವತ್ತು ನನಗೆ ಕಕ್ಕಸಿಗೆ ಹೋಗ್ಬೇಕಿತ್ತು. ಅಷ್ಟೇ. ದೇವರಾಣೆ ಅಷ್ಟೇ. ನೀವೆಲ್ಲ ನನ್ನ ನಂಬ್ಕೊಂಡು ಬೆಟ್ಟ ಇಳಿದ್ರಿ."

"ಯಾರು ನಿಮ್ಮನ್ನ ನಂಬ್ಕೊಂಡು ಬಂದಿದ್ದು?" ಎಂದಳು ಬೊಂಗ್‌ನ್ಯೊ ಅಕ್ಕ. "ನಾವೂ ಸಿಂಪಿ ತಿಂದಿರ್ಲಿಲ್ವಾ? ನಮಗೂ ಹೋಗ್ಬೇಕಿತ್ತು. ಮಾತಾಡಬಾರದು, ಕೇಳಬಾರದು ಅಂತ ಆ ಸೀಟಿಯೋನು ಕಟ್ಟಿ ಹಾಕಿದ್ದ. ನಿಮ್ಮ ಮುಖ ನೋಡಿದ ಕೂಡಲೇ ಗೊತ್ತಾಯ್ತು, ಈ ಮನುಷ್ಯ ನಾವು ಹೋಗಬೇಕಾದ ಕಡೆಗೇ ಹೋಗ್ತಿದಾನೆ ಅಂತ. ಅದಕ್ಕೇ ಹಿಂದೆ ಬಂದ್ವಿ."

ಮನ್‌ಸಿಕ್ ಬಾಯಿ ತೆರೆದು ಅವಳನ್ನೇ ನೋಡಿದ. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ತಡೆಯಲಾಗಲಿಲ್ಲ. ಕೆಲಸ ಹೋಗುತ್ತಿದೆ ಎಂದು ತಿಳಿದ ದಿನ ನಾವು ಅಷ್ಟೂ ಜನ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆವು. ಮನ್‌ಸಿಕ್ ಕೂಡ ನಕ್ಕ. ಅವನ ನಗು ನೋಡಿದ್ದು ಅದೇ ಮೊದಲು. ಅದಕ್ಕೂ ಸುಸ್ತಾಗಿತ್ತು.

"ಸರಿ," ಎಂದಳು ಬೊಂಗ್‌ನ್ಯೊ ಅಕ್ಕ, ಕಣ್ಣೊರೆಸಿಕೊಂಡು. "ನೀವು ನಮಗೆ ಏನೂ ಹೇಳಿಲ್ಲ, ಅಲ್ವಾ?"

"ಹೇಳಿಲ್ಲ."

"ನಾವೂ ಏನೂ ಕೇಳಿಲ್ಲ. ಎದ್ದೇಳಿ, ನೀವು ಬೆರೆಸಿ ಹಾಕಿರೋ ಬುಟ್ಟಿ ಮತ್ತೆ ಆರಿಸಬೇಕು."

ಮನ್‌ಸಿಕ್ ನೇರವಾಗಿ ಯಜಮಾನರ ಕೋಣೆಗೆ ಹೋಗಿ, ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟು, ಬೆಟ್ಟದ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದನಂತೆ. ಕಿಟಕಿ ತೆರೆದಿದ್ದರಿಂದ ಯಜಮಾನರ ಉತ್ತರ ಅಂಗಳಕ್ಕೂ ಕೇಳಿಸಿತು.

"ಅಂದ್ರೆ ನಾನು, ತಕ್ ಬ್ಯೋಂಗ್‌ಹೋ, ಒಬ್ಬ ಕಕ್ಕಸಿಗೆ ಹೋಗೋನ ಹಿಂದೆ ಬೆಟ್ಟ ಇಳಿದೆ ಅಂತೀಯಾ?"

"ಹೌದು ಯಜಮಾನ್ರೇ."

"ಸುಳ್ಳು! ಅಷ್ಟು ದೂರ ನಾನು ಸುಮ್ಮಸುಮ್ಮನೆ ಯಾರ ಹಿಂದೇನೂ ಹೋಗೋನಲ್ಲ. ಹಾಕ್ಕೋ ಬಿಲ್ಲೆ!"

ಬಿಲ್ಲೆ ವಾಪಸು ತೆಗೆದುಕೊಂಡರೆ ಗೇಟಿನ ಬಟ್ಟೆಯನ್ನೂ ಬಿಚ್ಚಬೇಕಾಗುತ್ತಿತ್ತು. ಹಾಗಾಗಿ ಮನ್‌ಸಿಕ್ ನಾಯಕನಾಗಿಯೇ ಉಳಿದ. ಅವನ ತಂಡದಲ್ಲಿ ಯಾರೂ ಇಲ್ಲದಂತೆ ಮಾತ್ರ ನೋಡಿಕೊಂಡರು.

ನಮಗೆ ಹೇಳುವ ಕೆಲಸ, ಅದಕ್ಕೆಂದೇ ಮತ್ತೆ ಕರೆಸಿದ ಮೇಷ್ಟ್ರಿಗೆ ಬಿತ್ತು. ಕಹಿ ಸುದ್ದಿ ಮುಟ್ಟಿಸುವ ಕಲೆಯ ಬಗ್ಗೆ ಅವರ ಬಳಿ ಒಂದು ಪ್ರತ್ಯೇಕ ಪಾಠವೇ ಇತ್ತಂತೆ. ಬಂದು, ಧ್ವನಿವರ್ಧಕ ಬಾಯಿಗಿಟ್ಟು, "ಬದಲಾವಣೆ ಅನ್ನೋದು—" ಎಂದರು. ತಗಡಿನ ಶೆಡ್ಡು ಕಿವಿ ಹರಿಯುವಂತೆ ಕಿರುಚಿತು. "ಮೇಷ್ಟ್ರೇ, ಅದನ್ನ ಕೆಳಗಿಟ್ಟು ಮಾತಾಡಿ," ಎಂದಳು ಬೊಂಗ್‌ನ್ಯೊ ಅಕ್ಕ. ಕೆಳಗಿಟ್ಟರು. ಅದಿಲ್ಲದೆ ಅವರ ಧ್ವನಿ ಎಷ್ಟು ಸಣ್ಣದು ಎಂಬುದು ಅವರಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. "ಎಲ್ರೂ ಆರೋಗ್ಯ ನೋಡ್ಕೊಳ್ಳಿ," ಎಂದು ಸಂಜೆಯ ಬಸ್ಸಿಗೆ ಸೋಲ್‌ಗೆ ಹೋದರು.

ಕೊನೆಗೆ ಯಜಮಾನರೇ ಬಂದರು. ಹುಟ್ಟು ನಾಯಕರು. ಕೋಟು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಶೆಡ್ಡಿನ ನಡುವೆ ನಿಂತರು. ಇಂಥ ಮಾತನ್ನು ಅವರು ತಮ್ಮ ಬಾಯಿಂದ ಯಾರಿಗೂ ಹೇಳಿದವರಲ್ಲ. ಮೊದಲು ಅವರ ತಂದೆ ಹೇಳುತ್ತಿದ್ದರು, ಆಮೇಲೆ ಈಗ ಕೆಲಸ ಬಿಟ್ಟಿರುವ ಮ್ಯಾನೇಜರು.

"ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ," ಎಂದು ಬೊಂಗ್‌ನ್ಯೊ ಅಕ್ಕ ಸ್ಟೂಲು ಕೊಟ್ಟಳು. "ನಿಮ್ಮ ಅಮ್ಮನ ಮಂಡಿನೋವು ಹೇಗಿದೆ?"

"ಹಾಗೇ ಇದೆ. ಚಳಿಗೆ ಜಾಸ್ತಿ."

"ಮೆಟ್ಟಿಲು ಹತ್ತಿಸಬೇಡಿ." ಅವಳು ಅವರ ಮಡಿಲಿಗೆ ಒಂದು ತಟ್ಟೆ ಇಟ್ಟಳು. "ಮಾತಾಡ್ತಾ ಮುರಿದಿರೋದನ್ನ ಆರಿಸಿ ಹಾಕಿ. ಕೈ ಖಾಲಿ ಇದ್ರೆ ಮಾತು ಹೊರಡಲ್ಲ."

ಯಜಮಾನರು ಆರಿಸತೊಡಗಿದರು. ನಾವೂ ಆರಿಸಿದೆವು. ಕಿಟಕಿಯ ಹೊರಗೆ ದೋಣಿಗಳು ಬಂದವು, ಹೋದವು. ಎರಡು ಮೂರು ಸಲ ಅವರು ತಲೆಯೆತ್ತಿ, "ಏನಂದ್ರೆ..." ಎಂದರು. ಹನ್ನೊಂದು ಜನ ಒಟ್ಟಿಗೆ ಕೈ ನಿಲ್ಲಿಸಿ ಅವರ ಮುಖ ನೋಡಿದೆವು. ಅವರು ತಲೆ ತಗ್ಗಿಸಿ ಮತ್ತೆ ಆರಿಸಿದರು. ಬೆಳಕು ಇಳಿದಾಗ ಎದ್ದು, ಸೊಂಟ ಹಿಡಿದುಕೊಂಡು, ಮೇಲೆ ನೋಡಿದರು.

"ಇಲ್ಲಿ ಬೆಳಕು ಕಮ್ಮಿ ಇದೆಯಲ್ಲ?"

"ಇದೆ ಯಜಮಾನ್ರೇ," ಎಂದೆವು.

ಮಾರನೇ ದಿನ ಹೊಸ ಟ್ಯೂಬ್‌ಲೈಟುಗಳು ಬಂದವು.

ಯಂತ್ರದ ಪೆಟ್ಟಿಗೆ ಅಂಗಳದಲ್ಲೇ ಇದೆ. ಬಂದರಿನ ಬೆಕ್ಕುಗಳು ಅದರ ಮೇಲೆ ಬಿಸಿಲು ಕಾಯುತ್ತವೆ. ಚಳಿಗಾಲ ಮುಗಿಯಿತು, ಇನ್ನೊಂದೂ ಬಂತು. ನಮಗೆ ಒಂದು ವಿಷಯ ಹೇಳುವುದಿದೆಯೆಂದೂ, ಹೇಳಬಲ್ಲ ಒಬ್ಬ ನಾಯಕನನ್ನು ಆಫೀಸಿನವರು ಇನ್ನೂ ಹುಡುಕುತ್ತಿದ್ದಾರೆಂದೂ ಸುದ್ದಿ. ಅದೇನು ವಿಷಯವೋ ನಮಗೆ ತಿಳಿಯದು. ಯಾರೂ ಹೇಳಿಲ್ಲ.